ರೂವಾರಿ ಮಲ್ಲಿತಮ್ಮ

ಹನ್ನೆರಡನೆಯ ಶತಮಾನದ ಕೊನೆಯಲ್ಲೂ ಹದಿಮೂರನೆಯ ಶತಮಾನದಲ್ಲೂ ಹೊಯ್ಸಳ ನಾಡಿನಲ್ಲಿ ಕೆಲಸ ಮಾಡಿದ ಶಿಲ್ಪಿ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಎದ್ದ ಅಮೃತೇಶ್ವರ ದೇವಾಲಯದಲ್ಲಿ ಈತನ ಕೆಲಸ ಮೊದಲು ಕಾಣಿಸುತ್ತದೆ. ಕಾವೇರಿ ತೀರದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಕೊನೆಯಾಗುತ್ತದೆ. ನಲವತ್ತಕ್ಕೂ ಹೆಚ್ಚು ಕಟ್ಟಡಗಳ ಜೊತೆ ಈತನ ಹೆಸರನ್ನು ವಿದ್ವಾಂಸರು ಸೇರಿಸಿದ್ದಾರೆ. ಕನ್ನಡ ನಾಡಿನ ಮಧ್ಯಯುಗದ ಶಿಲ್ಪಿಗಳಲ್ಲಿ ಇಷ್ಟು ಕಡೆ ಹೆಸರು ಬಿಟ್ಟುಹೋದವನು ಇನ್ನೊಬ್ಬನಿಲ್ಲ. ಈತನ ಬದುಕಿಗೆ ದಾಖಲೆಯೆಂದು ಇರುವುದು ವಿಗ್ರಹಗಳ ಪೀಠದಲ್ಲಿ ಕೊರೆದ ಸಹಿಗಳು ಮಾತ್ರ. ಕೆಲವೆಡೆ ಮಲ್ಲಿತಮ್ಮ ಎಂದು ಪೂರ್ತಿ ಹೆಸರಿದೆ, ಕೆಲವೆಡೆ ಮಲ್ಲಿ ಎಂದಷ್ಟೇ, ಇನ್ನು ಕೆಲವೆಡೆ ಬರೀ 'ಮ' ಎಂಬ ಒಂದಕ್ಷರ.

ರೂವಾರಿ ಎಂಬ ಮಾತು

ಮಲ್ಲಿತಮ್ಮನ ಹೆಸರಿನ ಹಿಂದೆ ಬರುವ 'ರೂವಾರಿ' ಸಂಸ್ಕೃತದ ರೂಪಕಾರಿ ಶಬ್ದದ ತದ್ಭವ. ರೂಪ ಕೊಡುವವನು ಎಂದು ಅರ್ಥ. ಇಂದಿನ ಪತ್ರಿಕೆಗಳು ಅಣೆಕಟ್ಟಿನ ರೂವಾರಿ, ಯೋಜನೆಯ ರೂವಾರಿ ಎಂದು ಮಂತ್ರಿಗಳನ್ನೂ ಎಂಜಿನಿಯರುಗಳನ್ನೂ ಕರೆಯುತ್ತವೆ. ಹೊಯ್ಸಳರ ಕಾಲದಲ್ಲಿ ಈ ಮಾತು ಉಳಿ ಹಿಡಿದವನದಾಗಿತ್ತು. ಗುಡಿಯ ಇಡೀ ನಕ್ಷೆ ಹಾಕಿ ಅಳತೆಯ ದಾರ ಹಿಡಿಯುತ್ತಿದ್ದವನು ಸೂತ್ರಧಾರಿ. ಕಲ್ಲು ಒಡೆದು ಚಪ್ಪಡಿ ಮಾಡುತ್ತಿದ್ದವನು ಕಲ್ಲುಕುಟಿಗ. ಇವರಿಬ್ಬರ ನಡುವೆ ನಿಂತು ಕಲ್ಲಿಗೆ ಮೈ ತಂದುಕೊಡುತ್ತಿದ್ದವನು ರೂವಾರಿ. ಈ ಗೆರೆಗಳು ಕಟ್ಟುನಿಟ್ಟಾಗಿರಲಿಲ್ಲ. ಒಬ್ಬನೇ ಎರಡೂ ಕೆಲಸ ಮಾಡಿದ ನಿದರ್ಶನಗಳಿವೆ. 1113ರ ಸುಮಾರಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ಕಟ್ಟಿದವನು ಮಲ್ಲೋಜ ಮಾಣಿಯೋಜನೆಂದು ಶಾಸನವೇ ಹೇಳುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದ ಬಾಗಿಲುವಾಡದಲ್ಲಿ ಒಂದನೆಯ ನರಸಿಂಹನ ಕಾಲದ ಕೇದಾರೋಜನ ಹೆಸರಿದೆ. ಮಲ್ಲಿತಮ್ಮನನ್ನು ವಾಸ್ತುಶಿಲ್ಪಿ ಎನ್ನಬೇಕೋ ಮೂರ್ತಿಕಾರ ಎನ್ನಬೇಕೋ ಎಂಬ ಪ್ರಶ್ನೆಗೆ ಇಂದಿನ ಎರಡು ಪದಗಳಲ್ಲಿ ಯಾವುದೂ ಸರಿಹೊಂದುವುದಿಲ್ಲ. ಒಳಮಾಳಿಗೆಯನ್ನು ಕಟ್ಟಿದ ಕೈಯೇ ಗೋಡೆಯ ಮೇಲಿನ ವೇಣುಗೋಪಾಲನನ್ನೂ ಕಡೆದಿರುವಾಗ ಎರಡನ್ನು ಬೇರೆ ಮಾಡಿ ನೋಡುವುದು ನಮ್ಮ ಕಾಲದ ಅಭ್ಯಾಸ. ರೂವಾರಿ ಎಂಬುದೇ ಸರಿಯಾದ ಮಾತು.

ಓಜ ಎಂಬ ಕೊನೆಯೂ ಗಮನಿಸಬೇಕಾದದ್ದು. ಉಪಾಧ್ಯಾಯ ಎಂಬ ಪದ ಸವೆದು ಓಜ ಆಯಿತು. ದಾಸೋಜ, ನಾಗೋಜ, ಬೈಚೋಜ ಎಂಬ ಹೆಸರುಗಳಲ್ಲಿ ಕಸುಬು ಕಲಿಸುವ ಗುರುವಿನ ಸ್ಥಾನ ಅಡಗಿದೆ. ಮಲ್ಲಿತಮ್ಮನ ಹೆಸರಲ್ಲಿ ಓಜ ಇಲ್ಲ, ಆಚಾರಿ ಇಲ್ಲ. ಬೇಲೂರಿನ ಶಿಲ್ಪಿಗಳು ತಮ್ಮ ಸಹಿಯ ಜೊತೆ ಎದುರಾಳಿ ರೂವಾರಿಗಳನ್ನು ಕೆಣಕುವ ಬಿರುದುಗಳನ್ನೂ ಸರಸ್ವತಿಯ ಪಾದಕ್ಕೆ ಸೇರಿದವರೆಂಬ ಮಾತುಗಳನ್ನೂ ಉದ್ದಕ್ಕೆ ಕೊರೆಸಿಕೊಂಡರು. ಮಲ್ಲಿತಮ್ಮನ ಸಹಿ ಮನೆಯಲ್ಲಿ ಕರೆಯುವ ಹೆಸರಿನಷ್ಟೇ ಚಿಕ್ಕದು.

ಜಕಣನ ನೆರಳು

ತುಮಕೂರು ಜಿಲ್ಲೆಯಲ್ಲಿ ಯಾವ ಹಳೆಯ ಗುಡಿಯ ಮುಂದೆ ನಿಂತು ಕೇಳಿದರೂ ಕಟ್ಟಿದವನು ಜಕಣಾಚಾರಿ ಎಂಬ ಉತ್ತರ ಬರುತ್ತದೆ. ಅದಕ್ಕೆ ಕಾರಣ ಹತ್ತಿರದಲ್ಲೇ ಇದೆ. ತುಮಕೂರಿನ ಪಕ್ಕದ ಗೂಳೂರಿಗೆ ಸಮೀಪದ ಕೈದಾಳ, ಹಳೆಯ ಹೆಸರಿನಲ್ಲಿ ಕ್ರೀಡಾಪುರ, ಜಕಣನ ಹುಟ್ಟೂರೆಂದು ಜನ ನಂಬುತ್ತಾರೆ. ಕಲೆಯ ಹುಚ್ಚಿನಲ್ಲಿ ಮನೆ ಬಿಟ್ಟ ಜಕಣ ಊರೂರು ಅಲೆದು ಗುಡಿ ಕಟ್ಟಿದ. ಅವನನ್ನು ಹುಡುಕಿ ಹೊರಟ ಮಗ ಡಂಕಣ ಬೇಲೂರಿನಲ್ಲಿ ಒಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುವೆನೆಂದು ಜಕಣ ಪಂಥ ಕಟ್ಟಿದ. ಗಂಧ ಹಚ್ಚಿದಾಗ ಮೈಯೆಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿ ಉಳಿಯಿತು, ಅಲ್ಲಿ ತಟ್ಟಿದರೆ ನೀರಿನೊಡನೆ ಕಪ್ಪೆ ಹೊರಬಿತ್ತು. ಆ ವಿಗ್ರಹವೇ ಕಪ್ಪೆ ಚೆನ್ನಿಗರಾಯ. ಕೈ ಕಳೆದುಕೊಂಡ ಜಕಣ ಹುಟ್ಟೂರಿಗೆ ಮರಳಿ ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು, ಊರು ಕೈದಾಳವಾಯಿತು.

ಕಥೆ ಸೊಗಸಾಗಿದೆ, ಒಬ್ಬ ಕುಶಲಕರ್ಮಿಯ ಹೆಮ್ಮೆ, ತಪ್ಪೊಪ್ಪು, ಪ್ರಾಯಶ್ಚಿತ್ತ ಎಲ್ಲವೂ ಅದರಲ್ಲಿದೆ. 1964ರಲ್ಲಿ ಬಿ. ಎಸ್. ರಂಗಾ ಇದನ್ನು ಬಣ್ಣದ ಚಲನಚಿತ್ರವಾಗಿ ತೆಗೆದರು, ಕಲ್ಯಾಣ್ ಕುಮಾರ್ ಜಕಣನ ಪಾತ್ರ ಮಾಡಿದರು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಜಕಣಾಚಾರಿಯ ಹೆಸರಿನಲ್ಲಿದೆ, ಜನವರಿ 1 ಈಗ ಅವನ ಸಂಸ್ಮರಣೆಯ ದಿನ. ಆದರೆ ಕಲ್ಲಿನ ಸಾಕ್ಷಿ ಬೇರೆ ಮಾತು ಹೇಳುತ್ತದೆ. ಬೇಲೂರಿನಲ್ಲಿ ಓದಿರುವ ಸಹಿಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ ಮೊದಲಾದವರಿದ್ದಾರೆ, ಜಕಣನಿಲ್ಲ. ಕೈದಾಳದ ಶಾಸನ 1150ರದು, ಅದು ಅಲ್ಲಿ ಗುಡಿಗಳನ್ನು ಮಾಡಿಸಿದವನೆಂದು ಹೊಯ್ಸಳ ಸಾಮಂತ ಗೂಳೆಯ ಬಾಚಿಯನ್ನು ಹೆಸರಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಚಾಲುಕ್ಯ ಗುಡಿಗಳನ್ನೂ ಜನ ಜಕಣನ ಕೆಲಸವೆನ್ನುತ್ತಾರೆ ಎಂದು 1926ರ ತಮ್ಮ ಗ್ರಂಥದಲ್ಲಿ ಹೆನ್ರಿ ಕಸಿನ್ಸ್ ಬರೆದರು. ದಕ್ಷಿಣಾಚಾರ್ಯ ಎಂಬ ಸಾಮಾನ್ಯನಾಮವೇ ಜಕಣಾಚಾರಿ ಆಗಿರಬೇಕೆಂದು ಊಹಿಸಿದವರೂ ಇದ್ದಾರೆ. ನೂರಾರು ಕೈಗಳ ಕೆಲಸಕ್ಕೆ ಜನ ಒಂದು ಹೆಸರು ಕೊಟ್ಟರು. ಅದರ ಬೆಲೆ ತೆತ್ತವರು ಮಲ್ಲಿತಮ್ಮನಂಥವರು: ತಮ್ಮ ಹೆಸರನ್ನು ತಾವೇ ಕಲ್ಲಿನಲ್ಲಿ ಬರೆದಿಟ್ಟರೂ ಓದುವವರಿಲ್ಲದೆ ಆರು ಶತಮಾನ ಕಳೆಯಿತು.

ಸಹಿಗಳನ್ನು ಓದಿದವರು

ಬಿ. ಎಲ್. ರೈಸ್ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಜಿಲ್ಲಾವಾರು ಪ್ರಕಟಿಸಿದರು. ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ. ಆ ಸಂಪುಟಗಳ ಗಮನ ರಾಜರು, ದಾನಗಳು, ಯುದ್ಧಗಳ ಮೇಲಿತ್ತು. ಪೀಠದ ಅಂಚಿನ ನಾಲ್ಕಕ್ಷರಗಳನ್ನು ಬಗ್ಗಿ ನೋಡಿ ಸಂಗ್ರಹಿಸುವ ಕೆಲಸವನ್ನು ಗಂಭೀರವಾಗಿ ಹಿಡಿದವರು ಆರ್. ನರಸಿಂಹಾಚಾರ್. 'ಕರ್ನಾಟಕ ಕವಿಚರಿತೆ'ಯ ಕರ್ತೃವೇ ಆದ ಇವರು 1906ರಿಂದ 1922ರವರೆಗೆ ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ಇಲಾಖೆಯ ವಾರ್ಷಿಕ ವರದಿಗಳಲ್ಲಿ ಗುಡಿಯಿಂದ ಗುಡಿಗೆ ಶಿಲ್ಪಿಗಳ ಹೆಸರು ಬರತೊಡಗಿದವು. 1917ರಲ್ಲಿ ಸೋಮನಾಥಪುರದ ಬಗ್ಗೆ, 1919ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ಬಗ್ಗೆ ಅವರು ಸಣ್ಣ ಪುಸ್ತಕಗಳನ್ನು ಹೊರತಂದರು. ಹಳಗನ್ನಡದ ಮರೆತ ಕವಿಗಳನ್ನು ಓಲೆಗರಿಯಿಂದ ಎತ್ತಿ ತಂದ ಅದೇ ಶ್ರದ್ಧೆ ಇಲ್ಲಿ ಕಲ್ಲುಕೆಲಸದವರಿಗೂ ಸಂದಿತು. ಕವಿಗಳಿಗೆ ಚರಿತೆ ಬರೆದವರೇ ರೂವಾರಿಗಳ ಪಟ್ಟಿಯನ್ನೂ ಮಾಡಿದ್ದು ಕನ್ನಡದ ಭಾಗ್ಯ.

ಮುಂದೆ ಎಸ್. ಶೆಟ್ಟರ್ ಹೊಯ್ಸಳ ದೇವಾಲಯಗಳ ಮೇಲಿನ ತಮ್ಮ ದೊಡ್ಡ ಗ್ರಂಥದಲ್ಲಿ ಮತ್ತು ಕುಶಲಕರ್ಮಿಗಳ ಹೆಜ್ಜೆಗುರುತುಗಳ ಕುರಿತ ಬರಹಗಳಲ್ಲಿ ಈ ಹೆಸರುಗಳ ಹಿಂದಿನ ಸಮಾಜವನ್ನು ಹುಡುಕಿದರು. ಕೆಲಸನ್ ಕಾಲಿಯರ್ 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಹಿಯಿರುವ ವಿಗ್ರಹಗಳನ್ನು ಆಧಾರವಾಗಿಟ್ಟು ಒಬ್ಬೊಬ್ಬ ಶಿಲ್ಪಿಯ ಶೈಲಿಯನ್ನು ಗುರುತಿಸಲು ಯತ್ನಿಸಿದರು. ಡಚ್ ವಿದ್ವಾಂಸ ಜೆರಾರ್ಡ್ ಫೊಕೆಮ ಗುಡಿಗುಡಿ ಸುತ್ತಿ ಬರೆದ ಕೈಪಿಡಿ 1996ರಲ್ಲಿ ಬಂತು.

ಹೊರಜಗತ್ತಿನ ಒಂದು ಹೋಲಿಕೆ ಇಲ್ಲಿ ಉಪಯುಕ್ತ. ಫ್ರಾನ್ಸಿನ ಒಟನ್ ಪಟ್ಟಣದ ಚರ್ಚಿನಲ್ಲಿ ಸುಮಾರು 1130ರ ಒಂದೇ ಒಂದು ಲ್ಯಾಟಿನ್ ಸಾಲು ಗಿಸ್ಲೆಬೆರ್ಟಸ್ ಇದನ್ನು ಮಾಡಿದನೆನ್ನುತ್ತದೆ. ಅವನು ಶಿಲ್ಪಿಯೋ ಮಾಡಿಸಿದ ಧನಿಕನೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಅದೇ ಕಾಲಕ್ಕೆ ಹೊಯ್ಸಳ ನಾಡಿನಲ್ಲಿ ಹತ್ತಾರು ಶಿಲ್ಪಿಗಳು ತಮ್ಮ ವಿಗ್ರಹಗಳಿಗೆ ಸಹಿ ಹಾಕುತ್ತಿದ್ದರು. ಭಾರತದ ಕಲೆ ಅನಾಮಿಕರದು ಎಂಬ ಮಾತನ್ನು ಪಠ್ಯಪುಸ್ತಕಗಳಿಂದ ತೆಗೆಯಲು ಇಷ್ಟೇ ಸಾಕು.

ಅಮೃತಾಪುರದ ಮಾಳಿಗೆ

ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಈ ಶಿವಾಲಯದಲ್ಲಿ ಇಬ್ಬರು ಯುವಕರ ಕೆಲಸ ಒಟ್ಟಿಗೆ ಇದೆ. ಮುಖಮಂಟಪದ ಬಳಿಯ ದೊಡ್ಡ ಶಾಸನದ ಕವಿ ಜನ್ನ. 'ಯಶೋಧರ ಚರಿತೆ' ಬರೆಯಲು ಅವನಿಗೆ ಇನ್ನೂ ಹದಿಮೂರು ವರ್ಷ ಬಾಕಿಯಿತ್ತು. ಮಂಟಪದ ಮಾಳಿಗೆಗಳಲ್ಲಿ ಕೆಲಸ ಮಾಡಿದವನು ಮಲ್ಲಿತಮ್ಮ. ಒಬ್ಬ ಅಕ್ಷರದಲ್ಲಿ, ಒಬ್ಬ ಕಲ್ಲಿನಲ್ಲಿ ಕೈ ಪಳಗಿಸುತ್ತಿದ್ದ ಊರು ಅದು.

ಇಲ್ಲಿ ಮಲ್ಲಿತಮ್ಮ ಶುರು ಮಾಡಿದ್ದು ವಿಗ್ರಹದಿಂದಲ್ಲ, ಮೇಲ್ಛಾವಣಿಯಿಂದ. ಹೊಯ್ಸಳರ ಒಳಮಾಳಿಗೆ, ಅಂದರೆ ಭುವನೇಶ್ವರಿ, ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿದರೆ ಅದು ಎಂಥ ಕೆಲಸವೆಂದು ಗೊತ್ತಾಗುತ್ತದೆ. ನಾಲ್ಕು ಕಂಬಗಳ ಮೇಲೆ ನಾಲ್ಕು ತೊಲೆ ಕೂಡಿಸಿದರೆ ಒಂದು ಚೌಕ. ಚೌಕದ ಮೂಲೆಗಳಿಗೆ ಅಡ್ಡಲಾಗಿ ಕಲ್ಲಿಟ್ಟರೆ ಅದು ಎಂಟು ಮೂಲೆಯದಾಗುತ್ತದೆ. ಅದರ ಮೇಲೆ ಪ್ರತಿ ಸುತ್ತನ್ನೂ ಕೆಳಗಿನ ಸುತ್ತಿಗಿಂತ ಒಂದಿಷ್ಟು ಒಳಚಾಚಿ ಕೂಡಿಸುತ್ತ ಹೋದರೆ ಬಾಯಿ ಕಿರಿದಾಗುತ್ತ ಬಂದು ಕೊನೆಗೆ ಒಂದೇ ಕಲ್ಲು ಅದನ್ನು ಮುಚ್ಚುತ್ತದೆ. ಗಾರೆಯ ಅಂಟಿಲ್ಲ, ಕಮಾನಿನ ಒತ್ತಿಲ್ಲ. ಪ್ರತಿ ಕಲ್ಲಿನ ಹಿಂಭಾಗದ ಮೇಲೆ ಬೀಳುವ ಭಾರವೇ ಅದರ ಮುಂಭಾಗವನ್ನು ಗಾಳಿಯಲ್ಲಿ ಹಿಡಿದಿಡುತ್ತದೆ. ಆ ಕೊನೆಯ ಕಲ್ಲಿನಿಂದ ಬಾಳೆಹೂವಿನ ಮೊಗ್ಗು ಕೆಳಗೆ ಇಳಿಬಿದ್ದಿರುತ್ತದೆ. ಮೊಗ್ಗು ಅಲಂಕಾರಕ್ಕೆಂದು ಕಂಡರೂ ಅದನ್ನು ಎಲ್ಲಿವರೆಗೆ ಕೊರೆಯಬಹುದು, ಎಷ್ಟು ಭಾರ ತೂಗುಬಿಡಬಹುದು ಎಂಬ ಲೆಕ್ಕ ತಪ್ಪಿದರೆ ಕಲ್ಲು ಸೀಳುತ್ತದೆ. ಉಳಿಯ ಕೆಲಸವೂ ಕಟ್ಟಡದ ಲೆಕ್ಕವೂ ಒಂದೇ ಕಲ್ಲಿನಲ್ಲಿ ಕೂಡುವ ಜಾಗ ಇದು. ಮಲ್ಲಿತಮ್ಮನನ್ನು ಮೂರ್ತಿಕಾರನಷ್ಟೇ ಎಂದು ಬಿಟ್ಟುಬಿಡಲು ಈ ಲೇಖಕನಿಗೆ ಮನಸ್ಸಾಗದಿರುವುದು ಅಮೃತಾಪುರದ ಮಾಳಿಗೆಗಳ ಕಾರಣಕ್ಕೆ. ಇಲ್ಲಿನ ತೆರೆದ ಮಂಟಪದಲ್ಲಿ 29 ಅಂಕಣಗಳಿವೆ, ತಲೆಯೆತ್ತಿಕೊಂಡೇ ನಡೆಯಬೇಕು.

ಹೊರಗೆ ಮಂಟಪದ ಕಟ್ಟೆಗೋಡೆಯ ಮೇಲೆ 140 ಕಥಾಫಲಕಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ, ಉತ್ತರದಲ್ಲಿ ಕೃಷ್ಣಲೀಲೆ ಮತ್ತು ಮಹಾಭಾರತ. ರಾಮಾಯಣದ ಕಥೆ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುವುದು ನೋಡುಗರನ್ನು ಈಗಲೂ ತಡೆದು ನಿಲ್ಲಿಸುತ್ತದೆ.

ನಡುವಿನ ವರ್ಷಗಳು

ಅಮೃತಾಪುರದ ನಂತರದ ದಶಕಗಳಲ್ಲಿ ಮಲ್ಲಿತಮ್ಮನ ಹೆಸರು ದಕ್ಷಿಣಕ್ಕೆ ಸರಿಯುತ್ತ ಹೋಗುತ್ತದೆ. ಈಗಿನ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತ ಪಂಚಲಿಂಗೇಶ್ವರ ದೇವಾಲಯವಿದೆ. ಐದು ಗುಡಿಗಳ ಪಂಚಕೂಟ ಹೊಯ್ಸಳರಲ್ಲಿ ತೀರ ಅಪರೂಪ. 1238ರ ಸುಮಾರಿನ ಈ ಕೆಲಸದಲ್ಲಿ ರೂವಾರಿ ಮಲ್ಲಿತಮ್ಮನ ಕೈಯಿದೆ.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಈತನನ್ನು ಅರಿಯಲು ಎಲ್ಲಕ್ಕಿಂತ ಒಳ್ಳೆಯ ಜಾಗ. ಸೋಮೇಶ್ವರನ ಆಳ್ವಿಕೆಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಈ ತ್ರಿಕೂಟದಲ್ಲಿ ಹೊರಗೋಡೆಯನ್ನು ಇಬ್ಬರು ರೂವಾರಿಗಳು ಹಂಚಿಕೊಂಡರು. ದಕ್ಷಿಣದ ಮೈ ಬೈಚೋಜನದು, ಉತ್ತರದ ಮೈ ಮಲ್ಲಿತಮ್ಮನದು. ಒಂದೇ ಕಲ್ಲು, ಒಂದೇ ಅಳತೆ, ಒಬ್ಬನೇ ಧಣಿ, ಒಂದೇ ವರ್ಷ. ಕೈ ಮಾತ್ರ ಬೇರೆ. ಹೊಯ್ಸಳ ಶಿಲ್ಪದಲ್ಲಿ ವ್ಯಕ್ತಿಯ ಶೈಲಿ ಎಂಬುದಿಲ್ಲ, ಎಲ್ಲ ಅಚ್ಚಿನಲ್ಲಿ ತೆಗೆದಂತಿದೆ ಎನ್ನುವವರು ಒಮ್ಮೆ ಇಲ್ಲಿ ಪ್ರದಕ್ಷಿಣೆ ಹಾಕಬೇಕು. ಬೈಚೋಜನ ದೇವತೆಗಳು ಸಮಾಧಾನವಾಗಿ ನಿಂತಿದ್ದಾರೆ. ಮೈಕಟ್ಟು ಹದವಾಗಿದೆ, ಒಡವೆ ಮೈಯನ್ನು ಮುಚ್ಚಿಹಾಕುವುದಿಲ್ಲ. ಉತ್ತರಕ್ಕೆ ತಿರುಗಿದೊಡನೆ ಗೋಡೆ ಚುರುಕಾಗುತ್ತದೆ. ಮಲ್ಲಿತಮ್ಮನ ಮೂರ್ತಿಗಳು ಸ್ವಲ್ಪ ಕುಳ್ಳು, ತಲೆ ಸ್ವಲ್ಪ ದೊಡ್ಡದು, ಆದರೆ ಮೊಣಕಾಲು ಬಾಗಿದೆ, ಸೊಂಟ ತಿರುಗಿದೆ, ಏನೋ ನಡೆಯುತ್ತಿದೆ. ನಯದಲ್ಲಿ ಬೈಚೋಜ ಮೇಲು ಎಂಬ ತೀರ್ಪನ್ನು ಒಪ್ಪಬಹುದು. ಜೀವಂತಿಕೆಯಲ್ಲಿ ಹಾಗೆನ್ನಲು ಬರುವುದಿಲ್ಲ.

ಸೋಮನಾಥಪುರ

ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲಿ ಅಗ್ರಹಾರ ಮಾಡಿ ಅದರ ನಡುವೆ ಕೇಶವನ ಗುಡಿ ಕಟ್ಟಿಸಿದ. ವರ್ಷವನ್ನು ಕೆಲವರು 1258 ಎಂದೂ ಹಳೆಯ ಪುಸ್ತಕಗಳು 1268 ಎಂದೂ ಕೊಡುತ್ತವೆ. ಸುತ್ತಲೂ 64 ಚಿಕ್ಕ ಗುಡಿಗಳ ಕೈಸಾಲೆ, ನಡುವೆ ಜಗತಿಯ ಮೇಲೆ ನಕ್ಷತ್ರಾಕಾರದ ಮೂರು ಗರ್ಭಗುಡಿಗಳು, ಮೂರಕ್ಕೂ ಶಿಖರ. ಕೇಶವ, ಜನಾರ್ದನ, ವೇಣುಗೋಪಾಲ ಎಂಬ ಮೂವರಲ್ಲಿ ಮೂಲ ಕೇಶವ ಈಗಿಲ್ಲ. ಹೊರಗೋಡೆಯ ಬುಡದಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂಬ ಆರು ಪಟ್ಟಿಕೆಗಳು ಗುಡಿಯನ್ನು ಸುತ್ತಿವೆ. ಕಥೆಯ ಪಟ್ಟಿಕೆಯಲ್ಲಿ ದಕ್ಷಿಣಕ್ಕೆ ರಾಮಾಯಣ, ಹಿಂದೆ ಭಾಗವತ, ಉತ್ತರಕ್ಕೆ ಮಹಾಭಾರತ.

ಪಟ್ಟಿಕೆಗಳ ಮೇಲಿನ ದೊಡ್ಡ ವಿಗ್ರಹಗಳು ಇನ್ನೂರಕ್ಕೆ ತುಸು ಕಡಿಮೆ. ಅವುಗಳ ಪೀಠದಲ್ಲಿ ನರಸಿಂಹಾಚಾರ್ ಓದಿದ ಹೆಸರುಗಳು ಮಲ್ಲಿತಮ್ಮ, ಮಸಣಿತಮ್ಮ, ಬಾಲೆಯ, ಚೌಡೆಯ, ಬಾಮಯ, ಭರ್ಮಯ, ನಂಜಯ, ಯಲಮಸಯ. ಈ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ ಹಳ್ಳಿಯ ಹಾಜರಿ ಪುಸ್ತಕ ಓದಿದಂತಾಗುತ್ತದೆ. ಚೌಡಯ್ಯ, ನಂಜಯ್ಯ, ಮಲ್ಲಯ್ಯ ಎಂಬ ಹೆಸರಿನವರು ಇಂದಿಗೂ ತುಮಕೂರು ಜಿಲ್ಲೆಯ ದೊಡ್ಡೇರಿ ಹೋಬಳಿಯಲ್ಲೂ ಸಿಗುತ್ತಾರೆ, ಮಧುಗಿರಿ ಸಂತೆಯಲ್ಲೂ ಸಿಗುತ್ತಾರೆ. ನಲವತ್ತರಷ್ಟು ವಿಗ್ರಹಗಳ ಕೆಳಗೆ ಮಲ್ಲಿತಮ್ಮನ ಹೆಸರಿದೆ, ಬೇರೆ ಯಾರದೂ ಆ ಲೆಕ್ಕಕ್ಕೆ ಹತ್ತಿರ ಬರುವುದಿಲ್ಲ.

ಸಹಿ ಯಾಕೆ ಹಾಕಿದರು? ಹೆಮ್ಮೆಗೆ ಎಂಬುದು ಮೊದಲು ತೋಚುವ ಉತ್ತರ. ಬೇಲೂರಿನ ಬಿರುದುಗಳಿಗೆ ಅದು ಹೊಂದುತ್ತದೆ. ಸೋಮನಾಥಪುರದಲ್ಲಿ ಮೊಟಕು ಸಹಿಗಳೂ ಒಂದಕ್ಷರದ ಗುರುತುಗಳೂ ಇರುವುದನ್ನು ನೋಡಿದರೆ ಕೂಲಿಯ ಲೆಕ್ಕಕ್ಕೂ ಅವು ಬೇಕಿದ್ದವು ಎನಿಸುತ್ತದೆ. ಯಾವ ಕಲ್ಲು ಯಾರ ಪಾಲಿನದು ಎಂದು ಗೊತ್ತಾಗಬೇಕಲ್ಲ. ಎರಡೂ ಕಾರಣ ಒಟ್ಟಿಗೆ ಇರಬಹುದು. ದುಡಿಮೆಯ ಲೆಕ್ಕ ಇಡುವುದರಲ್ಲೂ ಒಂದು ಮರ್ಯಾದೆ ಇದೆ.

ಒಬ್ಬನೋ ಇಬ್ಬರೋ

1196ರಲ್ಲಿ ಮಾಳಿಗೆ ಕೊರೆದವನು 1258ರಲ್ಲೂ ವಿಗ್ರಹ ಕಡೆಯುತ್ತಿದ್ದನೆಂದರೆ 62 ವರ್ಷದ ದುಡಿಮೆ. 1268 ಎಂದರೆ 72. ಇಪ್ಪತ್ತಕ್ಕೆ ಕೆಲಸ ಹಿಡಿದಿದ್ದರೂ ತೊಂಬತ್ತು ದಾಟಿರಬೇಕು. ಕಲ್ಲಿನ ದೂಳು ಕುಡಿಯುವ ಕಸುಬಿನಲ್ಲಿ ಇದು ನಂಬಲು ಕಷ್ಟ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ಇಂದಿಗೂ ನಡೆದುಬಂದ ರೂಢಿ. ಅಮೃತಾಪುರದ ಮಲ್ಲಿತಮ್ಮ ಅಜ್ಜ, ಸೋಮನಾಥಪುರದ ಮಲ್ಲಿತಮ್ಮ ಮೊಮ್ಮಗ ಎಂದುಕೊಂಡರೆ ವರ್ಷಗಳು ಸರಿಯಾಗಿ ಹೊಂದುತ್ತವೆ. ನುಗ್ಗೇಹಳ್ಳಿ ಮತ್ತು ಸೋಮನಾಥಪುರದ ಕೈ ಒಂದೇ ಎಂಬುದಕ್ಕೆ ಶೈಲಿಯ ಬೆಂಬಲವಿದೆ. ಅವೆರಡರ ನಡುವಿನ ಅಂತರ ಹನ್ನೆರಡರಿಂದ ಇಪ್ಪತ್ತೆರಡು ವರ್ಷ. ಬೇಲೂರಿನ ದಾಸೋಜ ಮತ್ತು ಚಾವಣ ತಂದೆಮಕ್ಕಳೆಂಬುದು ಶಾಸನದಲ್ಲೇ ಇದೆ, ಕಸುಬು ಮನೆತನದಲ್ಲಿ ಇಳಿದುಬರುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಲ್ಲಿತಮ್ಮ ಒಂದು ಮನೆತನದ ಹೆಸರೆಂದು ಹಿಡಿಯುವುದು ಈ ಲೇಖನದ ಒಲವು. ಇದರಿಂದ ಅವನ ಹಿರಿಮೆ ಕಡಿಮೆಯಾಗುವುದಿಲ್ಲ. ನಲವತ್ತಕ್ಕೂ ಹೆಚ್ಚು ಕಟ್ಟಡಗಳ ಲೆಕ್ಕವನ್ನು ಮಾತ್ರ ಒಬ್ಬನ ತಲೆಗೆ ಕಟ್ಟುವ ಮುಂಚೆ ಯೋಚಿಸಬೇಕು, ಇಲ್ಲದಿದ್ದರೆ ಜಕಣನ ಕಥೆಯೇ ಬೇರೆ ಹೆಸರಿನಲ್ಲಿ ಮತ್ತೆ ನಡೆಯುತ್ತದೆ.

ಬಳಪದ ಕಲ್ಲೂ ಕರಿಬಂಡೆಯೂ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಇದೇ ಜಿಲ್ಲೆಯ ತಿಪಟೂರು, ತುರುವೇಕೆರೆಯ ಕಡೆ ಅರಳುಗುಪ್ಪೆ, ನಾಗಲಾಪುರ, ವಿಘ್ನಸಂತೆಗಳಲ್ಲಿ ಹೊಯ್ಸಳ ಗುಡಿಗಳಿವೆ. ಅರಳುಗುಪ್ಪೆಯ ಚೆನ್ನಕೇಶವದಲ್ಲಿ ಹೊನ್ನೋಜನೆಂಬ ಶಿಲ್ಪಿಯ ಹೆಸರೂ ಇದೆ. ನಮ್ಮ ಕಡೆ ಮಲ್ಲಿತಮ್ಮನಂಥವರು ಯಾಕೆ ಬರಲಿಲ್ಲ?

ದೊರೆತನದಲ್ಲಿ ಒಂದಿಷ್ಟು ಉತ್ತರವಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲಿನ ಚೋಳ ಅರಸರು ಹೊಯ್ಸಳರಿಗೆ ಸುಲಭವಾಗಿ ಬಗ್ಗಿದವರಲ್ಲ. ಆದರೆ ದೊಡ್ಡ ಉತ್ತರ ನೆಲದಡಿಯಲ್ಲಿದೆ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಬಂಡೆಯ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೆ ಸಾಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆ ಬೆಟ್ಟ ಈ ಸಾಲಿನವು. ಈ ಕಲ್ಲಿಗೆ ಉಳಿ ಇಟ್ಟರೆ ಕಿಡಿ ಹಾರುತ್ತದೆ. ಅದು ಗೆರೆಯನ್ನು ಕೊಡುತ್ತದೆ, ಎಳೆಯನ್ನು ಕೊಡುವುದಿಲ್ಲ. ಕೋಟೆಗೆ, ಕಂಬಕ್ಕೆ, ಕೆರೆಯ ತೂಬಿಗೆ ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಮಧುಗಿರಿಯ ಕೋಟೆ, ಶಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿ, 1696ರ ಜಾಮಿಯಾ ಮಸೀದಿ ಎಲ್ಲವೂ ಗಟ್ಟಿ ಕಲ್ಲಿನ ಶಿಸ್ತಿನಿಂದ ಹುಟ್ಟಿದ ಕಟ್ಟಡಗಳು. ಅವುಗಳ ಚೆಲುವು ಮೈಯಲ್ಲಿದೆ, ಒಡವೆಯಲ್ಲಿಲ್ಲ.

ಹೊಯ್ಸಳ ರೂವಾರಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗಿದಂತೆ ಬಿರುಸಾಗುತ್ತದೆ. ಕಂಬಗಳನ್ನು ತಿರುಗಣಿಗೆ ಹಾಕಿ ಕಡೆಯಲು ಅದು ಒಗ್ಗುತ್ತದೆ, ಮಣಿಯ ಸರದ ಹಿಂದೆ ಉಳಿ ತೂರಿಸಲು ಬಿಡುತ್ತದೆ. ಈ ಕಲ್ಲು ಸಿಗುವುದು ಗ್ರಾನೈಟ್ ಪಟ್ಟಿಯಲ್ಲಲ್ಲ, ಅದರ ಪಶ್ಚಿಮದ ಹಳೆಯ ಪದರಶಿಲೆಯ ಪಟ್ಟಿಗಳಲ್ಲಿ. ಅಂಥ ಪಟ್ಟಿಗಳಲ್ಲೊಂದಕ್ಕೆ ಭೂವಿಜ್ಞಾನದ ಪುಸ್ತಕಗಳಲ್ಲಿ ನುಗ್ಗೇಹಳ್ಳಿಯ ಹೆಸರೇ ಇದೆ. ಮಲ್ಲಿತಮ್ಮ ಮತ್ತು ಬೈಚೋಜ ಗೋಡೆ ಹಂಚಿಕೊಂಡ ಊರು ಬಳಪದ ಕಲ್ಲಿನ ನೆಲದ ಮೇಲೇ ಕೂತಿದೆ. ನಾಡಿನ ಶಿಲ್ಪಿ ನಾಡಿನ ಕಲ್ಲಿಗೆ ಕಟ್ಟುಬಿದ್ದವನು. ಹೊಯ್ಸಳ ಶೈಲಿಯ ಗಡಿಯನ್ನು ದಂಡನಾಯಕರ ಕತ್ತಿಗಿಂತ ಕಲ್ಲಿನ ಪದರವೇ ಹೆಚ್ಚು ಗೀಚಿತು.

ಹಾಗೆಂದು ಈ ಕಡೆಯ ಬಯಲುಸೀಮೆ ಶಿಲ್ಪವಿಲ್ಲದ ನಾಡಲ್ಲ. ಮಡಕಶಿರಾ ಕಡೆಗೆ ಗಡಿ ದಾಟಿದರೆ ಹೇಮಾವತಿ, ಅಂದರೆ ನೊಳಂಬ ಅರಸರ ಹೆಂಜೇರು. ಮಲ್ಲಿತಮ್ಮನಿಗಿಂತ ಮುನ್ನೂರು ವರ್ಷ ಮುಂಚೆ ಅಲ್ಲಿ ಕಪ್ಪು ಕಲ್ಲಿನಲ್ಲಿ ಕಡೆದ ಕಂಬಗಳು ಎಷ್ಟು ಹೆಸರಾಗಿದ್ದವೆಂದರೆ, ಚೋಳರು ದಂಡೆತ್ತಿ ಬಂದು ಕೆಲವನ್ನು ಹೊತ್ತೊಯ್ದರು. ತಂಜಾವೂರಿನ ಬಳಿಯ ತಿರುವೈಯಾರಿನ ಗುಡಿಯಲ್ಲಿ ಅವು ಈಗಲೂ ನಿಂತಿವೆ. ಅರಳುಗುಪ್ಪೆಯ ಕಲ್ಲೇಶ್ವರದ ಮಾಳಿಗೆಯಲ್ಲಿ ಕುಣಿಯುವ ಶಿವ ಒಂಬತ್ತನೆಯ ಶತಮಾನದವನು. ಹೊಯ್ಸಳ ಒಳಮಾಳಿಗೆಯ ಬೆರಗಿಗೆ ಅಂಥ ಹಿಂದಿನವರ ಕೆಲಸ ದಾರಿ ಮಾಡಿತ್ತು.

ಬೆಲೆಗಟ್ಟುವಿಕೆ

ಜೇಮ್ಸ್ ಫರ್ಗುಸನ್ 1876ರಲ್ಲಿ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿನ ಎದುರು ನಿಲ್ಲಿಸಿ ಎರಡೂ ವಾಸ್ತುಕಲೆಯ ಎರಡು ತುದಿಗಳೆಂದ. ಆ ಮೆಚ್ಚುಗೆಯ ಬೆನ್ನಿಗೇ ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪ ಇಳಿಗಾಲದ್ದು, ಒಡವೆ ಹೆಚ್ಚಾಗಿ ಮೈ ಕಳೆದುಹೋಯಿತು ಎಂಬ ಮಾತೂ ಬೆಳೆಯಿತು. ಬೇಲೂರಿನ ಮದನಿಕೆಯ ಪಕ್ಕ ಮಲ್ಲಿತಮ್ಮನ ಲಕ್ಷ್ಮಿಯನ್ನಿಟ್ಟರೆ ದೂರು ನಿಜವೆನಿಸುತ್ತದೆ. ಆದರೆ ಮದನಿಕೆ ತಲೆಯ ಮೇಲೆ ಓರೆಯಾಗಿ ಕೂತವಳು, ಕೆಳಗಿನಿಂದ ನೋಡಬೇಕಾದವಳು. ಉದ್ದ ಕೈಕಾಲು ಅಲ್ಲಿ ಬೇಕು. ಸೋಮನಾಥಪುರದ ವಿಗ್ರಹ ಜಗತಿಯ ಮೇಲೆ ನಡೆಯುವವನ ಕಣ್ಣಳತೆಯಲ್ಲಿದೆ, ಎರಡು ಮೊಳ ದೂರದಿಂದ ನೋಡುವಂಥದು. ಪ್ರದಕ್ಷಿಣೆಯ ಪ್ರತಿ ಹೆಜ್ಜೆಗೂ ಗೋಡೆಯ ಮೂಲೆ ತಿರುಗುತ್ತದೆ, ಬೆಳಕು ತಿರುಗುತ್ತದೆ. ಆ ದೂರದಿಂದ ಕಣ್ಣು ಹಿಡಿಯುವುದು ನಿಲುವಿಗಿಂತ ಮುಂಚೆ ನೆರಳನ್ನು. ಮಲ್ಲಿತಮ್ಮ ತೋರಣದ ಬಳ್ಳಿಯ ಹಿಂದೆ, ಕಿರೀಟದ ಕೆಳಗೆ, ಬೆರಳುಗಳ ಸಂದಿಯಲ್ಲಿ ಕಲ್ಲನ್ನು ಅಷ್ಟು ಆಳಕ್ಕೆ ತೆಗೆದದ್ದು ಕಪ್ಪನ್ನು ತುಂಬಲು. ಮಧ್ಯಾಹ್ನದ ನೆತ್ತಿಬಿಸಿಲಿನಲ್ಲೂ ಅವನ ಮೂರ್ತಿಗಳು ಚಪ್ಪಟೆಯಾಗುವುದಿಲ್ಲ. ಇದನ್ನು ಇಳಿಗಾಲವೆನ್ನುವುದು ಸರಿಯಲ್ಲ, ಇದು ಬೇರೊಂದು ಕೆಲಸಕ್ಕೆ ಬೇರೊಂದು ಉತ್ತರ. ಪುನರಾವರ್ತನೆ ಇದೆ, ಕೆಲವು ಮುಖಗಳಲ್ಲಿ ಭಾವವಿಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ಮರುಮಾತಿಲ್ಲ. ನಲವತ್ತು ದೊಡ್ಡ ವಿಗ್ರಹ ಕಡೆಯಬೇಕಾದವನ ಕೈ ಕೆಲವೊಮ್ಮೆ ರೂಢಿಯಲ್ಲಿ ಓಡಿದೆ.

ಆಮೇಲೆ

ಸೋಮನಾಥಪುರದ ನಂತರ ಅಷ್ಟು ದೊಡ್ಡ ಹೊಯ್ಸಳ ಗುಡಿ ಏಳಲಿಲ್ಲ. 1311ರಲ್ಲಿ ದೆಹಲಿಯ ಮಲಿಕ್ ಕಾಫರನ ದಂಡು ಹೊಯ್ಸಳರ ರಾಜಧಾನಿ ದ್ವಾರಸಮುದ್ರಕ್ಕೆ ಬಂತು. ಮೂರನೆಯ ಬಲ್ಲಾಳನ ಮರಣದ ನಂತರ ಕೆಲವೇ ವರ್ಷಗಳಲ್ಲಿ ಆ ಮನೆತನದ ಆಳ್ವಿಕೆ ಮುಗಿಯಿತು. ವಿಜಯನಗರದವರು ಮತ್ತೆ ಗಟ್ಟಿ ಕಲ್ಲಿಗೆ ಹೋದರು. ಬಳಪದ ಕಲ್ಲಿನ ಸೂಕ್ಷ್ಮ ಕೈಗೆಲಸಕ್ಕೆ ಬೇಡಿಕೆ ಕುಗ್ಗಿತು, ಪೀಠದ ಮೇಲೆ ಹೆಸರು ಕೊರೆಯುವ ರೂಢಿಯೂ ಅದರೊಂದಿಗೆ ಕ್ಷೀಣಿಸಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಮೃತಾಪುರ, ನುಗ್ಗೇಹಳ್ಳಿ, ಗೋವಿಂದನಹಳ್ಳಿಗಳಿಗೆ ಹೋಗುವವರು ಈಗಲೂ ಕಡಿಮೆ.

ಮಲ್ಲಿತಮ್ಮನ ಸಹಿ ನೋಡಬೇಕೆಂದವರು ಬೆಳಗ್ಗೆ ಇಲ್ಲವೇ ಸಂಜೆ, ಬಿಸಿಲು ಗೋಡೆಗೆ ಅಡ್ಡಲಾಗಿ ಬೀಳುವ ಹೊತ್ತಿನಲ್ಲಿ ಹೋಗಬೇಕು. ದೇವರ ಮುಖ ಬಿಟ್ಟು ಪಾದದ ಕೆಳಗಿನ ಅಂಚನ್ನು ನೋಡಬೇಕು, ಕೆಲವೆಡೆ ಮೊಣಕಾಲೂರಬೇಕು. ಹೊಯ್ಸಳರ ಕಾಲದ ದುಂಡು ಕನ್ನಡ ಅಕ್ಷರ ಇಂದಿನದಕ್ಕೆ ದೂರವಲ್ಲ. ಶಾಲೆಗೆ ಹೋಗುವ ಮಗು ಜೊತೆಯಲ್ಲಿದ್ದರೆ ಬೆರಳಿಟ್ಟು ತೋರಿಸಬಹುದು: ಮೊದಲು ಮ, ಆಮೇಲೆ ಲ್ಲಿ.